ಆಶ್ಲೇಷೆಯ ಅಂಜಿಕೆ

ಯುಗಾದಿಯ ದಿನ ಪಂಚಾಂಗ ಶ್ರವಣವೆಂಬುದೊಂದು ಉಂಟಷ್ಟೆ. ಬೇವುಬೆಲ್ಲದ ಕಹಿ ನಾಲಗೆಯಿಂದ ಇಳಿಯುವ ಮೊದಲೇ, ಆ ಸಂವತ್ಸರಕ್ಕೆ ರಾಜನಾರು, ಮಂತ್ರಿಯಾರು, ಸಸ್ಯಾಧಿಪತಿ ಯಾರು, ರಸಾಧಿಪತಿ ಯಾರು ಎಂಬುದನ್ನು ನಮ್ಮೂರಿನ ಜೋಯಿಸರು ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು ಓದಿ ಹೇಳುವುದೂ, ಜಗಲಿಯಲ್ಲಿ ಕುಳಿತ ನಾವೆಲ್ಲರೂ ಚುನಾವಣೆಯ ಖರ್ಚಿಲ್ಲದೆ ಏರ್ಪಟ್ಟ ಆ ಮಂತ್ರಿಮಂಡಲವನ್ನು ತಲೆದೂಗಿ ಅಂಗೀಕರಿಸುವುದೂ ಬಹುಕಾಲದಿಂದ ನಡೆದುಬಂದ ಪದ್ಧತಿ. ಉಳಿದ ಖಾತೆಗಳ ವಿಷಯದಲ್ಲಿ ನಮಗಿರುವ ಆಸ್ಥೆ ಅಷ್ಟಕ್ಕಷ್ಟೆ. ಮೇಘಾಧಿಪತಿಯ ಹೆಸರು ಬಂದೊಡನೆ ಮಾತ್ರ ಎಲೆಯಡಕೆ ಮೆಲ್ಲುತ್ತಿದ್ದ ದವಡೆಗಳೆಲ್ಲ ಒಂದು ಕ್ಷಣ ನಿಂತುಬಿಡುವುವು. ಕೊಪ್ಪದ ಆಸುಪಾಸಿನ ಗುಡ್ಡಗಳ ಇಳಿಜಾರಿನಲ್ಲಿ ಒಂದಿಷ್ಟು ಕಾಫಿ, ಒಂದಿಷ್ಟು ಅಡಕೆ, ಕಣಿವೆಯಲ್ಲಿ ನಾಲ್ಕು ತುಂಡು ಗದ್ದೆ ಇಟ್ಟುಕೊಂಡು ಬಾಳುವವರಿಗೆ ದಿಲ್ಲಿ ಬೆಂಗಳೂರುಗಳ ಅಧಿಪತಿಗಳಿಗಿಂತ ಈತನೇ ಸಮೀಪದ ದೊರೆ.

ಆ ದೊರೆಯ ಆಡಳಿತಕ್ಕೆ ಒಂದು ಕ್ರಮವಿದ್ದಿತು. ಸೂರ್ಯನು ಒಂದೊಂದು ನಕ್ಷತ್ರದಲ್ಲಿ ಹದಿಮೂರು ಹದಿನಾಲ್ಕು ದಿನ ತಂಗಿ ಮುಂದಕ್ಕೆ ಸಾಗುವಾಗ, ಆಯಾ ಅವಧಿಯಲ್ಲಿ ಸುರಿಯುವ ಮಳೆಗೆ ಆಯಾ ನಕ್ಷತ್ರದ ಹೆಸರು ಸಲ್ಲುತ್ತಿತ್ತು. ಹೆಸರಿನ ಸಂಗಡ ಒಂದು ಸ್ವಭಾವವೂ ಸಲ್ಲುತ್ತಿತ್ತು. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ. ಆರಿದ್ರೆ ಹಿಡಿಯಿತೆಂದರೆ ಆರದೆ ಹುಯ್ಯುವುದು. ಮಘೆ ಮಳೆ ಬಂದಷ್ಟೂ ಒಳ್ಳೆಯದು, ಮನೆಮಗ ಉಂಡಷ್ಟೂ ಒಳ್ಳೆಯದು. ನಮ್ಮ ಹಿರಿಯರು ಈ ಮಾತುಗಳನ್ನು ಹವಾಮಾನಶಾಸ್ತ್ರವೆಂದು ಆಡಿದವರಲ್ಲ. ಯಾವ ಮಳೆ ಗುಡುಗಿನ ಆರ್ಭಟದೊಡನೆ ಬರುವುದು, ಯಾವುದು ರಾತ್ರಿಯ ವೇಳೆ ಸದ್ದಿಲ್ಲದೆ ಬಂದು ಬೆಳಗಿಗೆ ಅಂಗಳ ತೊಯ್ಯಿಸಿರುವುದು, ಯಾವುದು ಕಳೆದ ಮೇಲೆ ಸಸಿ ಕೀಳಬೇಕು, ಯಾವುದರ ಹೊತ್ತಿಗೆ ಅಟ್ಟದ ಮೇಲಿನ ಕಂಬಳಿಯನ್ನೂ ಗೊರಬನ್ನೂ ಇಳಿಸಿಟ್ಟುಕೊಂಡಿರಬೇಕು ಎಂಬುದೆಲ್ಲವೂ ಅವರಿಗೆ ನೆಂಟರಿಷ್ಟರ ಗುಣಾವಗುಣಗಳಷ್ಟೇ ಸಹಜವಾಗಿ ತಿಳಿದಿತ್ತು. ಮಳೆ ಕೈಕೊಟ್ಟ ವರ್ಷಗಳು ಆಗಲೂ ಇದ್ದವು. ಆದರೆ ಅದು ಪರಿಚಿತರ ಮುನಿಸು, ಬೈದುಕೊಂಡು ಕಾಯಬಹುದಾಗಿತ್ತು.

ಆ ಪರಿಚಯವೇ ಈಗ ಕೆಡುತ್ತ ಬಂದಿದೆ. 2023ರ ಆಗಸ್ಟ್ ತಿಂಗಳು, ಎಂದರೆ ಆಶ್ಲೇಷೆಯೂ ಮಘೆಯೂ ನಾಡನ್ನು ತೋಯಿಸಬೇಕಾದ ತಿಂಗಳು, 1901ರಿಂದ ಈಚೆಗೆ ಭಾರತವು ಕಂಡ ಅತ್ಯಂತ ಒಣ ಆಗಸ್ಟಾಗಿ ಕಳೆದುಹೋಯಿತು. ಆ ವರ್ಷ ಕರ್ನಾಟಕದ 236 ತಾಲ್ಲೂಕುಗಳ ಪೈಕಿ 223ನ್ನು ಬರಪೀಡಿತವೆಂದು ಸರಕಾರವು ಘೋಷಿಸಬೇಕಾಯಿತು. 2025ರಲ್ಲಿ, ಜೂನ್ 1ರ ಸುಮಾರಿಗೆ ಕೇರಳವನ್ನು ಮುಟ್ಟಬೇಕಾದ ಮುಂಗಾರು ಮೇ 24ಕ್ಕೇ ಬಂದು ನಿಂತಿತು. ಕಾಫಿಯ ಗಿಡಕ್ಕಂತೂ ಮಳೆಯ ಮಾತು ಪ್ರಾಣದ ಮಾತು. ಚಳಿಗಾಲದ ಒಣಹವೆಯಲ್ಲಿ ಮೊಗ್ಗು ನಿದ್ರಿಸುತ್ತಿರಬೇಕು. ಫೆಬ್ರವರಿ ಮಾರ್ಚಿಯ ಸುಮಾರಿಗೆ ಒಂದಿಂಚು ಹೂಮಳೆ ಬೀಳಬೇಕು. ಬಿದ್ದ ಎಂಟೊಂಬತ್ತು ದಿನಗಳಿಗೆ ತೋಟವೆಲ್ಲ ಬೆಳ್ಳಗಾಗಿ ಮಲ್ಲಿಗೆಯನ್ನು ನಾಚಿಸುವ ಪರಿಮಳ ಮನೆಯೊಳಕ್ಕೆ ನುಗ್ಗಬೇಕು. 2021ರ ಜನವರಿಯಲ್ಲಿ ಚಿಕ್ಕಮಗಳೂರು, ಹಾಸನ, ಕೊಡಗುಗಳಲ್ಲಿ ಅಕಾಲದ ಮಳೆ ಸುರಿದಾಗ ಕಣದಲ್ಲಿ ಹರಡಿದ್ದ ಹಣ್ಣು ಕೊಳೆಯಿತು, ಗಿಡದ ಮೇಲಿದ್ದ ಹಣ್ಣು ನೆಲಕ್ಕುದುರಿತು. ಕೊಯ್ಲು ಮುಗಿಯದ ರೆಂಬೆಗಳಲ್ಲಿ ಹಣ್ಣಿನ ಪಕ್ಕದಲ್ಲಿಯೇ ಹೂವೂ ಅರಳಿ, ಕೀಳುವ ಕೈಗೆ ಯಾವುದನ್ನು ಉಳಿಸಬೇಕೆಂಬುದೇ ತೋಚದಾಯಿತು. ಅಂತಹ ಚೆಲುವನ್ನು ನೋಡಿ ಕಣ್ಣೀರು ತಂದುಕೊಂಡವರು ಕವಿಗಳಲ್ಲ, ಸಾಲಗಾರರು.

ಇವೆಲ್ಲಕ್ಕಿಂತ ಆಶ್ಲೇಷೆಯ ಕಥೆ ನನ್ನ ಮನಸ್ಸಿಗೆ ಹೆಚ್ಚು ನಾಟಿದೆ. ಆಗಸ್ಟಿನ ಮೊದಲೆರಡು ವಾರಗಳ ಈ ಮಳೆಯು ಮಲೆನಾಡಿನವರಿಗೆ ಮೊದಲು ವಿಶ್ರಾಂತಿಯ ಮಳೆಯಾಗಿತ್ತು. ನಾಟಿ ಮುಗಿದಿರುತ್ತಿತ್ತು, ಹೊರಗೆ ಕಾಲಿಡುವಂತಿರಲಿಲ್ಲ, ಒಲೆಯ ಬದಿಯಲ್ಲಿ ಕುಳಿತು ಹಲಸಿನ ಹಪ್ಪಳ ಸುಟ್ಟು ತಿನ್ನುವುದು, ಕಳಲೆಯ ಪಲ್ಯಕ್ಕೋ ಕೆಸುವಿನ ಪತ್ರೊಡೆಗೋ ಕಾಯುವುದು, ಇಸ್ಪೀಟಿನಲ್ಲಿ ಮೋಸ ಮಾಡಿದವನೊಡನೆ ಸಾಯಂಕಾಲದವರೆಗೆ ಜಗಳವಾಡುವುದು, ಇವೇ ಆ ಪಕ್ಷದ ಘನಕಾರ್ಯಗಳು. ಹೆಂಚಿನ ಮೇಲೆ ಬೀಳುವ ಮಳೆಯ ಸದ್ದು ಆಗ ನಮಗೆ ಜೋಗುಳವಾಗಿತ್ತು. 2018ರಲ್ಲಿ, ಆಶ್ಲೇಷೆ ತನ್ನ ಅವಧಿಯನ್ನು ಮುಗಿಸುತ್ತಿದ್ದ ದಿನಗಳಲ್ಲಿ, ಮಡಿಕೇರಿಯ ಸುತ್ತಲಿನ ಗುಡ್ಡಗಳು ಕಾಫಿಯ ಗಿಡಗಳ ಸಮೇತ, ಮನೆಗಳ ಸಮೇತ ಕೆಳಕ್ಕೆ ಜಾರಿದುವು. ಮರುವರ್ಷದ ಆಶ್ಲೇಷೆಯಲ್ಲಿ ನಮ್ಮದೇ ಜಿಲ್ಲೆಯ ಮೂಡಿಗೆರೆ ತಾಲ್ಲೂಕಿನ ಮಲೆಮನೆ, ಮಧುಗುಂಡಿಗಳ ಸರದಿ. ಅದರ ಮರುವರ್ಷ, 2020ರ ಆಗಸ್ಟ್ 6ರಂದು, ಮತ್ತೆ ಆಶ್ಲೇಷೆಯಲ್ಲಿಯೇ, ತಲಕಾವೇರಿಯಲ್ಲಿ ಬ್ರಹ್ಮಗಿರಿಯ ಬದಿಯು ಕುಸಿದು ಅರ್ಚಕರ ಮನೆಯನ್ನು ನುಂಗಿತು. ಕಾವೇರಿಯ ಉಗಮಸ್ಥಾನವೇ ತನ್ನನ್ನು ಪೂಜಿಸುತ್ತಿದ್ದವರನ್ನು ಉಳಿಸಿಕೊಳ್ಳಲಾರದೆ ಹೋಯಿತು.

ಗುಡ್ಡ ಜಾರುವುದಕ್ಕೆ ಮಳೆಯೊಂದೇ ಕಾರಣವೆಂದು ಹೇಳುವಷ್ಟು ಮುಗ್ಧನು ನಾನಲ್ಲ. ರಸ್ತೆಗೆಂದೂ ಹೋಂಸ್ಟೇಗೆಂದೂ ಗುಡ್ಡದ ಬುಡವನ್ನು ನೆಟ್ಟಗೆ ಕಡಿದದ್ದು, ಹಳ್ಳದ ದಾರಿಯನ್ನು ಅಡ್ಡಗಟ್ಟಿದ್ದು, ಇವುಗಳ ಪಾಲೂ ಉಂಟು. ಆದರೆ ನಡುರಾತ್ರಿಯಲ್ಲಿ ಎಚ್ಚರವಾದಾಗ ಮನಸ್ಸು ಕಾರಣಗಳನ್ನು ವಿಂಗಡಿಸುತ್ತ ಕೂಡುವುದಿಲ್ಲ, ಕಿವಿಯಾಗಿ ಕೂಡುತ್ತದೆ. ಮಳೆ ಜೋರಾಗಿರುವಾಗಲೇ ಮನೆಯ ಹಿಂದಣ ಹಳ್ಳದ ಮೊರೆತ ಇದ್ದಕ್ಕಿದ್ದಂತೆ ತಗ್ಗಿದರೆ ಮೇಲೆಲ್ಲೋ ಮಣ್ಣು ಕುಸಿದು ನೀರನ್ನು ಕಟ್ಟಿದೆಯೆಂದು ತಿಳಿಯಬೇಕು. ನೀರಿನ ಬಣ್ಣ ಏಕಾಏಕಿ ರಾಡಿಗೆಂಪಾದರೆ, ನೆಟ್ಟಗಿದ್ದ ಮರಗಳು ಓಲಿದರೆ, ಗೋಡೆಯಲ್ಲಿ ಹೊಸ ಬಿರುಕು ಕಂಡರೆ ಮನೆ ಬಿಡಬೇಕು. ಇದನ್ನೆಲ್ಲ ಕಲಿತ ಮೇಲೆ ನಾನು ಟಾರ್ಚು ಹಿಡಿದು ಹಿತ್ತಿಲ ಬಾಗಿಲಿನಲ್ಲಿ ನಿಂತು ಹಳ್ಳದ ಸದ್ದನ್ನು ಪರೀಕ್ಷಿಸತಕ್ಕವನಾಗಿದ್ದೇನೆ. ಮೊರೆತ ಮೊದಲಿನಂತೆಯೇ ಇದ್ದರೆ ಸಮಾಧಾನ. ಹಾಸಿಗೆಗೆ ಮರಳಿ ಕಾಲು ಬೆಚ್ಚಗಾಗುವಷ್ಟರಲ್ಲಿ ಆ ಸಮಾಧಾನವು ತೀರಿ, ಇನ್ನೊಮ್ಮೆ ನೋಡಿಬರೋಣವೆನ್ನಿಸುತ್ತದೆ. ನನ್ನ ಎಣಿಕೆಗೆ ಭಯಕ್ಕಿಂತಲೂ ದೊಡ್ಡ ನಷ್ಟ ಇದು: ಮಳೆ ಇನ್ನೂ ಬರುತ್ತಿದೆ, ಹೆಂಚಿನ ಮೇಲೆ ಅದೇ ಸದ್ದು ಮಾಡುತ್ತಿದೆ, ಆದರೂ ಅದನ್ನು ಕೇಳಿ ನಿದ್ದೆಹೋಗುವ ಭಾಗ್ಯವು ತಪ್ಪಿದೆ.

ನಮ್ಮ ತಂದೆಯವರ ಕಾಲದಿಂದ ಮನೆಯಲ್ಲಿ ಮಳೆಯ ಪುಸ್ತಕವೊಂದು ಉಂಟು. ಕಾಫಿ ಬೆಳೆಯುವ ಸೀಮೆಯಲ್ಲಿ ಇದು ಅಪರೂಪದ ಸಂಗತಿಯಲ್ಲ. ಅಂಗಳದಲ್ಲಿ ನೆಟ್ಟ ತಾಮ್ರದ ಮಾಪಕದ ನೀರನ್ನು ಬೆಳಿಗ್ಗೆ ಗಾಜಿನ ಅಳತೆಗೆ ಸುರಿದು, ಇಂಚು ಸೆಂಟುಗಳಲ್ಲಿ, ಎಂದರೆ ಒಂದಿಂಚಿಗೆ ನೂರು ಸೆಂಟಿನ ಲೆಕ್ಕದಲ್ಲಿ, ಬರೆದಿಡುವುದು ಎಷ್ಟೋ ಮನೆಗಳಲ್ಲಿ ಹಲ್ಲುಜ್ಜುವುದರ ಜೊತೆಗೇ ಸೇರಿದ ಕರ್ಮ. ಬರೆದಾದ ಮೇಲೆ ಫೋನು. ‘ನಿಮ್ಮಲ್ಲಿ ಎಷ್ಟು?’ ‘ಎರಡು ನಲವತ್ತು. ನಿಮ್ಮಲ್ಲಿ?’ ‘ಮೂರು ಹತ್ತು!’ ಈ ಎರಡನೆಯ ಉತ್ತರದಲ್ಲಿ ಅಡಗಿರುವ ಹೆಮ್ಮೆಯನ್ನು ಕೇಳಿದವರು, ಆ ಎಪ್ಪತ್ತು ಸೆಂಟುಗಳನ್ನು ಆ ಮಹಾಶಯರು ಸ್ವಂತ ದುಡಿಮೆಯಿಂದ ಗಳಿಸಿದರೆಂದೇ ಭಾವಿಸಬೇಕು. ತಂದೆಯವರ ಬರಹದಲ್ಲಿ ಅಂಕಿಗಳ ಪಕ್ಕಕ್ಕೆ ಒಮ್ಮೊಮ್ಮೆ ‘ಗಾಳಿ’, ‘ಹಸು ಈದಿತು’ ಎಂಬ ಟಿಪ್ಪಣಿಗಳು ಕಾಣುತ್ತವೆ. ಮಳೆಯ ಒಟ್ಟು ಮೊತ್ತವು ಅವರ ಕಾಲಕ್ಕೂ ನನ್ನ ಕಾಲಕ್ಕೂ ಹುಬ್ಬೇರಿಸುವಷ್ಟು ವ್ಯತ್ಯಾಸವಾಗಿಲ್ಲ, ವ್ಯತ್ಯಾಸವಾಗಿರುವುದು ಹಂಚಿಕೆ. ವಾರವೆಲ್ಲ ಒಂದೇ ಸಮನೆ ಹನಿಯುತ್ತಿದ್ದುದು ಈಗ ಸೊನ್ನೆಗಳ ಸಾಲೊಂದು ನಿಂತು, ಆಮೇಲೆ ಒಂದೇ ರಾತ್ರಿಯಲ್ಲಿ ಬಂದು ಬೀಳುತ್ತದೆ.

ಪುಸ್ತಕದಲ್ಲಿ ನಾನು ಕಂಡುದಕ್ಕೆ ವಿಜ್ಞಾನಿಗಳ ವಿವರಣೆ ಸರಳವಾಗಿದೆ. ಗಾಳಿಯ ಉಷ್ಣತೆ ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ಅದು ಶೇಕಡ 7ರಷ್ಟು ಹೆಚ್ಚು ನೀರಾವಿಯನ್ನು ಹೊರಬಲ್ಲದು. ಹೊತ್ತುದನ್ನು ಇಳಿಸುವಾಗ ಒಮ್ಮೆಗೇ ಇಳಿಸಿಬಿಡುತ್ತದೆ. ಪುಣೆಯ ಹವಾಮಾನ ವಿಜ್ಞಾನಿ ರಾಕ್ಸಿ ಮ್ಯಾಥ್ಯೂ ಕೋಲ್ ಮತ್ತು ಸಂಗಡಿಗರು 2017ರಲ್ಲಿ ತೋರಿಸಿಕೊಟ್ಟಂತೆ, ಮಧ್ಯಭಾರತದಲ್ಲಿ ವಿಶಾಲ ಪ್ರದೇಶವನ್ನು ಆವರಿಸುವ ಅತಿವೃಷ್ಟಿಯ ಪ್ರಸಂಗಗಳು 1950ರಿಂದ 2015ರೊಳಗೆ ಮೂರು ಪಟ್ಟಾಗಿವೆ. ಇವೆಲ್ಲದರ ಬೇರು ಗಾಳಿಯಲ್ಲಿ ಬೆರೆತ ಇಂಗಾಲದ ಡೈಆಕ್ಸೈಡು. ಚಾರ್ಲ್ಸ್ ಕೀಲಿಂಗ್ ಎಂಬಾತನು 1958ರಲ್ಲಿ ಹವಾಯಿಯ ಮೌನಾ ಲೋವಾ ಪರ್ವತದ ಮೇಲೆ ಅದನ್ನು ಅಳೆಯತೊಡಗಿದಾಗ ಗಾಳಿಯ ಹತ್ತು ಲಕ್ಷ ಭಾಗಗಳಲ್ಲಿ ಸುಮಾರು 315 ಭಾಗವಿದ್ದುದು ಈಗ 420ನ್ನು ದಾಟಿದೆ. ಆತನ ರೇಖಾಚಿತ್ರವನ್ನು ನೋಡಿದಾಗ ಅದರ ಹಲ್ಲುಹಲ್ಲಾದ ಅಂಚಿನ ಮೇಲೆ ನನ್ನ ಕಣ್ಣು ನೆಟ್ಟಿತು. ಉತ್ತರಾರ್ಧಗೋಳದ ಕಾಡುಗಳು ಚಿಗುರುವ ತಿಂಗಳುಗಳಲ್ಲಿ ರೇಖೆ ಇಳಿಯುತ್ತದೆ; ಎಲೆಯುದುರಿದಾಗ ಏರುತ್ತದೆ; ಪ್ರತಿ ವರ್ಷವೂ ಭೂಮಿಯು ಒಮ್ಮೆ ಉಸಿರೆಳೆದು ಒಮ್ಮೆ ಬಿಟ್ಟದ್ದು ಅಲ್ಲಿ ಕಾಣುತ್ತದೆ. ಋತುಚಕ್ರವು ನಿಂತಿಲ್ಲ, ಆದರೆ ಚಕ್ರವು ಸುತ್ತಿ ಬಂದು ಹೊರಟ ಸ್ಥಳಕ್ಕೆ ಸೇರುವುದಿಲ್ಲ, ಒಂದು ಮೆಟ್ಟಿಲು ಮೇಲೆ ಸೇರುತ್ತದೆ.

ಈ ಮೆಟ್ಟಿಲಿನಲ್ಲಿಯೇ ನಮ್ಮ ದುಃಖದ ಹೊಸತನವಿದೆಯೆಂದು ನನಗೆ ತೋರುತ್ತದೆ. ಅರವತ್ತು ಸಂವತ್ಸರಗಳು ಮುಗಿದರೆ ಮತ್ತೆ ಪ್ರಭವದಿಂದ ಆರಂಭಿಸುವ ಜನ ನಾವು. 1876ರಿಂದ 78ರವರೆಗೆ ಮೈಸೂರು ಸೀಮೆಯನ್ನು ಹಿಂಡಿದ ಧಾತು ಈಶ್ವರ ಸಂವತ್ಸರಗಳ ಬರವು ಆ ರಾಜ್ಯದ ಜನಸಂಖ್ಯೆಯಲ್ಲಿ ಐದರಲ್ಲೊಂದು ಪಾಲನ್ನು ಅಳಿಸಿತೆಂದು ಅಂದಾಜು. ಅದರ ಮುಂದೆ ನಮ್ಮ ನಷ್ಟಗಳನ್ನು ಕಷ್ಟವೆಂದು ಕರೆಯುವುದಕ್ಕೂ ಸಂಕೋಚವಾಗಬೇಕು. ಆದರೆ ಅಂದು ಉಳಿದುಕೊಂಡವರಿಗೆ ಒಂದು ಭರವಸೆಯಿದ್ದಿತು: ಈಶ್ವರ ಕಳೆದರೆ ಬಹುಧಾನ್ಯ ಬರುವುದು, ಕಾಲವು ತಿರುಗಿ ಸರಿಹೋಗುವುದು. ‘ಬರುವ ವರ್ಷ ನೋಡೋಣ’ ಎಂಬ ಮಾತಿಗಿಂತ ಹೆಚ್ಚಿನ ಔಷಧ ರೈತನ ಮನೆಯಲ್ಲಿ ಎಂದೂ ಇರಲಿಲ್ಲ. ಆ ಮಾತನ್ನು ಈಗ ಆಡುವಾಗ ನಾಲಗೆ ಕೊಂಚ ತಡವರಿಸುತ್ತದೆ.

ನನ್ನದಂತೂ ಸಂಜೆಯಾಗುತ್ತಿರುವ ಬಾಳು. ಎಳೆಯರ ಪಾಡು ಬೇರೆ. ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ತಮ್ಮನ ಮೊಮ್ಮಗಳು, 2024ರ ಬೇಸಿಗೆಯಲ್ಲಿ ಅಲ್ಲಿ ಬೋರ್‌ವೆಲ್‌ಗಳು ಬತ್ತಿ ಟ್ಯಾಂಕರಿನ ಮುಂದೆ ಕೊಡಗಳ ಸಾಲನ್ನು ಕಂಡವಳು, ದಸರೆಗೆ ಬಂದಿದ್ದಾಗ ಜಗಲಿಯಲ್ಲಿ ಕುಳಿತು, ‘ಅಜ್ಜ, ಈ ತೋಟ ನನ್ನ ಕಾಲಕ್ಕೆ ಇರುತ್ತದೆಯೇ? ಇಂಥ ಲೋಕಕ್ಕೆ ಮಗುವನ್ನು ತರುವುದು ಸರಿಯೇ?’ ಎಂದು ಕೇಳಿದಳು. ಅದು ಅವಳೊಬ್ಬಳ ಚಪಲವೆಂದು ತಳ್ಳಿಹಾಕುವಂತಿಲ್ಲ. ಭಾರತವೂ ಸೇರಿ ಹತ್ತು ದೇಶಗಳ ಹತ್ತು ಸಾವಿರ ತರುಣ ತರುಣಿಯರನ್ನು ವಿಚಾರಿಸಿ 2021ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಮುಕ್ಕಾಲು ಪಾಲು ಜನ ಭವಿಷ್ಯವು ಭಯಾನಕವಾಗಿ ಕಾಣುತ್ತದೆಂದಿದ್ದಾರೆ. ಹತ್ತರಲ್ಲಿ ನಾಲ್ವರಷ್ಟು ಮಂದಿ ಮಕ್ಕಳನ್ನು ಪಡೆಯಲು ಹಿಂಜರಿಯುತ್ತಿದ್ದಾರೆ.

ಜಗಲಿಯಲ್ಲಿ ಸಾಂತ್ವನಕಾರರಿಗೆ ಕೊರತೆಯಿರಲಿಲ್ಲ. ಜೋಯಿಸರು, ಇದೆಲ್ಲವೂ ಕಲಿಯುಗದ ಧರ್ಮ, ಪುರಾಣದಲ್ಲಿ ಮೊದಲೇ ಹೇಳಿದೆ ಎಂದರು. ಮೊದಲೇ ಹೇಳಿದ್ದರೆ ತನಗೇಕೆ ಯಾರೂ ತಿಳಿಸಲಿಲ್ಲವೆಂದು ಹುಡುಗಿ ಕೇಳಿದುದಕ್ಕೆ ಅವರಲ್ಲಿ ಉತ್ತರವಿರಲಿಲ್ಲ. ನಿವೃತ್ತ ವಿಜ್ಞಾನದ ಮೇಷ್ಟರು ಸೌರವಿದ್ಯುತ್ತಿನ ಬೆಲೆ ಇಳಿದದ್ದನ್ನು ಉತ್ಸಾಹದಿಂದ ವರ್ಣಿಸಿ, ಮಾನವನ ಬುದ್ಧಿಗೆ ಅಸಾಧ್ಯವಾದುದಿಲ್ಲವೆಂದರು. ಅಸಾಧ್ಯವಾದುದಿಲ್ಲದ ಬುದ್ಧಿಯೇ ಇಲ್ಲಿಗೆ ತಂದು ನಿಲ್ಲಿಸಿತಲ್ಲ ಎಂದಳು. ಒಬ್ಬರ ಮಾತಿನಲ್ಲಿ ಮಾಡತಕ್ಕುದೇನೂ ಉಳಿದಿಲ್ಲ, ಇನ್ನೊಬ್ಬರ ಮಾತಿನಲ್ಲಿ ಮಾಡತಕ್ಕುದನ್ನು ಬೇರೆ ಯಾರೋ ಮಾಡಿಯಾಗಿದೆ. ಇಬ್ಬರೂ ಹುಡುಗಿಯ ದುಃಖವನ್ನು ಕೇಳಿಸಿಕೊಳ್ಳುವ ಶ್ರಮದಿಂದ ಪಾರಾದರು. ನನ್ನ ಹೆಂಡತಿ ಮಾತ್ರ ಲೋಕದ ಗತಿಯ ಬಗೆಗೆ ಏನನ್ನೂ ನುಡಿಯದೆ, ‘ಬಾ, ತಲೆಗೆ ಎಣ್ಣೆ ಹಾಕುತ್ತೇನೆ’ ಎಂದು ಅವಳನ್ನು ಒಳಗೆ ಕರೆದೊಯ್ದಳು. ಎಣ್ಣೆ ತಿಕ್ಕುವ ಒಂದು ಗಂಟೆಯ ಹೊತ್ತು ಹುಡುಗಿ ಮಾತಾಡಿದಳಂತೆ, ಅತ್ತಳಂತೆ, ಬಚ್ಚಲಿನ ಬಿಸಿನೀರು ಆರುತ್ತದೆಂದು ಬೈಸಿಕೊಂಡಳಂತೆ. ಆ ರಾತ್ರಿ ಅವಳಿಗೆ ನಿದ್ದೆ ಬಂತು.

ಅವಳ ಅಳಲಿನಲ್ಲಿ ಅಪರಾಧಭಾವವೂ ಬೆರೆತಿದ್ದಿತು. ವಿಮಾನ ಹತ್ತಿದ್ದಕ್ಕೆ, ಹೊಸ ಬಟ್ಟೆ ಕೊಂಡದ್ದಕ್ಕೆ ತನ್ನನ್ನೇ ದೂಷಿಸಿಕೊಳ್ಳುವಳು. ಈ ಭಾವಕ್ಕೂ ಅಳತೆಗೋಲು ಬೇಕೆಂದು ನನ್ನ ಅಭಿಪ್ರಾಯ. ಭಾರತೀಯನೊಬ್ಬನ ಪಾಲಿಗೆ ವರ್ಷಕ್ಕೆ ಸುಮಾರು 2 ಟನ್ ಇಂಗಾಲದ ಡೈಆಕ್ಸೈಡ್ ಬಂದರೆ ಅಮೆರಿಕದವನ ಪಾಲಿಗೆ 14 ಟನ್ ಬರುತ್ತದೆ. ನಮ್ಮೊಳಗೂ ಗುಡ್ಡದ ಬುಡದಲ್ಲಿ ವಾಸಿಸುವ ಕೂಲಿಯವರ ಪಾಲು ನನ್ನ ಡೀಸೆಲ್ ಪಂಪಿನ ಪಾಲಿಗಿಂತ ಎಷ್ಟೋ ಕಡಮೆ. ಲೋಕದ ಪಾಪವನ್ನೆಲ್ಲ ಒಬ್ಬಳೇ ಹೊರುವೆನೆಂಬುದೂ ಒಂದು ಬಗೆಯ ಅಹಂಕಾರವೇ.

ದುಃಖಕ್ಕೆ ಹೇಗೆ ಎಡೆಕೊಡಬೇಕೆಂಬುದು ನಮ್ಮ ಜನಕ್ಕೆ ತಿಳಿಯದ ವಿದ್ಯೆಯಲ್ಲ. ಸಾವಿನ ಮನೆಯಲ್ಲಿ ಒಲೆ ಹೊತ್ತಿಸುವುದಿಲ್ಲ. ನೆರೆಯವರು ಅನ್ನ ತರುತ್ತಾರೆ. ಬಂದವರು ‘ಎಲ್ಲ ಸರಿಹೋಗುತ್ತದೆ’ ಎಂದು ಹೇಳುವುದಿಲ್ಲ, ಬಹಳ ಹೊತ್ತು ಸುಮ್ಮನೆ ಕುಳಿತು ಎದ್ದುಹೋಗುತ್ತಾರೆ. ದುಃಖಿಸುವವನಿಗೆ ದಿನದಿನಕ್ಕೂ ಮಾಡಬೇಕಾದ ಸಣ್ಣಪುಟ್ಟ ವಿಧಿಗಳಿರುತ್ತವೆ. ಹದಿಮೂರನೆಯ ದಿನಕ್ಕೆ ಸಿಹಿಯುಂಡು ಲೋಕವ್ಯವಹಾರಕ್ಕೆ ಮರಳಬೇಕು. ಮರಳಿದರೂ ವರ್ಷಕ್ಕೊಮ್ಮೆ ನೆನೆಯಬೇಕು. ಬದಲಾದ ಮಳೆಗಾಗಿ ಪಡುವ ದುಃಖಕ್ಕೆ ಇವಾವುವೂ ಇಲ್ಲ. ಅದಕ್ಕೆ ಶವವಿಲ್ಲ, ತಿಥಿಯಿಲ್ಲ, ಹದಿಮೂರನೆಯ ದಿನವಿಲ್ಲ. ಕೈಯಲ್ಲಿ ಫೋನು ಹಿಡಿದು ಕತ್ತಲೆಯಲ್ಲಿ ಒಬ್ಬೊಬ್ಬರೇ ಅದನ್ನು ಅನುಭವಿಸುತ್ತಾರೆ. ಐಸ್‌ಲ್ಯಾಂಡಿನ ಜನ ಇದಕ್ಕೊಂದು ವಿಧಿಯನ್ನು ಕಲ್ಪಿಸಿಕೊಂಡರು: ಓಕ್ ಎಂಬ ತಮ್ಮ ಹಿಮನದಿಯು ಸತ್ತಿತೆಂದು ಒಪ್ಪಿಕೊಂಡು, 2019ರ ಆಗಸ್ಟಿನಲ್ಲಿ ಆ ಬೆಟ್ಟವನ್ನೇರಿ ಅದರ ನೆನಪಿಗೆ ಫಲಕವೊಂದನ್ನು ಕಲ್ಲಿಗೆ ಜಡಿದರು, ಬರಲಿರುವ ಜನರಿಗೆ ಬರೆದ ಓಲೆಯ ಕೆಳಗೆ ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡಿನ ಲೆಕ್ಕವನ್ನು, 415 ಎಂದು, ಕೊರೆಸಿದರು.

ನಮ್ಮಲ್ಲಿಯೂ ಒಂದು ಜಾಗವಿದೆ. ಶೃಂಗೇರಿಯ ಬಳಿಯ ಕಿಗ್ಗದಲ್ಲಿ, ಅಂಗದೇಶದ ಬರವನ್ನು ನೀಗಿದ ಋಷ್ಯಶೃಂಗನ ಹೆಸರಿನ ದೇವರಿಗೆ, ಮಳೆ ಬಾರದಿದ್ದಾಗ ಬರಲೆಂದು ಬೇಡುತ್ತಾರೆ. ಅತಿಯಾದಾಗ ನಿಲ್ಲಲೆಂದೂ ಬೇಡುತ್ತಾರೆ. 2023ರಲ್ಲೊಂದು ಅರ್ಜಿ, 2024ರಲ್ಲಿ ಅದಕ್ಕೆ ತದ್ವಿರುದ್ಧವಾದ ಇನ್ನೊಂದು ಅರ್ಜಿ. ದೇವರ ಕಚೇರಿಯಲ್ಲಿ ಕಡತಗಳು ಹೇಗೆ ಇತ್ಯರ್ಥವಾಗುತ್ತವೋ ನಾನರಿಯೆ. ಮೋಡಗಳ ಮೇಲೆ ಪ್ರಾರ್ಥನೆಯ ಅಧಿಕಾರವೆಷ್ಟೆಂಬ ಚರ್ಚೆಯನ್ನು ಮೇಷ್ಟರಿಗೆ ಬಿಡುತ್ತೇನೆ. ಅಲ್ಲಿ ಸಾಲಿನಲ್ಲಿ ನಿಂತವರು ತಮ್ಮ ಅಂಜಿಕೆಯನ್ನು ಮುಂದಿನವರಿಗೂ ಹಿಂದಿನವರಿಗೂ ಕೇಳುವಂತೆ ಗಟ್ಟಿಯಾಗಿ ಹೇಳುತ್ತಾರೆ; ಕೇಳಿದವರು ನಗುವುದಿಲ್ಲ. ಅಷ್ಟು ಸಾಕು.

ಬಾಯಿಬಿಟ್ಟು ಹೇಳಿಕೊಂಡ ಅಂಜಿಕೆಗೆ ಮಾಡಲು ಕೆಲಸವನ್ನೂ ಒದಗಿಸಬಹುದೆಂಬುದನ್ನು ನಮ್ಮ ಕೇರಿಯವರು ಮೂಡಿಗೆರೆಯ ಸುದ್ದಿ ಕೇಳಿದ ವರ್ಷ ಕಂಡುಕೊಂಡರು. ಮಳೆಯ ಪುಸ್ತಕವನ್ನು ಮುಂದಿಟ್ಟುಕೊಂಡು, ಒಂದು ಸಂಜೆಯೆಲ್ಲ ಕೂಗಾಡಿ, ಕೊನೆಗೆ ಒಂದು ಅಂಕಿಗೆ ಬಂದು ನಿಂತೆವು: ಒಂದು ಹಗಲು ರಾತ್ರಿಯಲ್ಲಿ ಏಳು ಇಂಚು ದಾಟಿದರೆ, ಅಥವಾ ಹಳ್ಳದ ಮೊರೆತ ತಗ್ಗಿದರೆ, ಗುಡ್ಡದ ಬುಡದ ಮನೆಗಳವರು ದಿಣ್ಣೆಯ ಮೇಲಿನ ಮನೆಗಳಿಗೆ ಬಂದುಬಿಡತಕ್ಕದ್ದು; ಕರೆಯುವುದನ್ನು ಕಾಯತಕ್ಕದ್ದಲ್ಲ; ಬಂದವರನ್ನು ಏಕೆ ಬಂದಿರೆಂದು ಕೇಳತಕ್ಕದ್ದಲ್ಲ. ಇದು ಯಾವ ಕಚೇರಿಯಲ್ಲಿಯೂ ನೋಂದಾವಣೆಯಾಗಿಲ್ಲ. ಗುಡ್ಡವನ್ನು ಇದು ತಡೆದು ನಿಲ್ಲಿಸುವುದಿಲ್ಲ, ಮೌನಾ ಲೋವಾದ ರೇಖೆಯನ್ನು ಕೂದಲೆಳೆಯಷ್ಟೂ ಇಳಿಸುವುದಿಲ್ಲ. ಆ ಕೆಲಸವನ್ನು ಯಾರು ಮಾಡಬೇಕೋ ಅವರ ಬೆನ್ನು ಬಿಡಲೂಬಾರದು. ಆದರೆ ನಡುರಾತ್ರಿ ಎಚ್ಚರವಾದಾಗ ಈಗ ನಾನು ಸುಮ್ಮನೆ ಹೆದರಿ ಕುಳಿತಿರುವುದಿಲ್ಲ; ಮಾಪಕ ನೋಡುತ್ತೇನೆ, ಐದೂವರೆ ಎಂದು ಕೆಳಗಿನ ಮನೆಗಳಿಗೆ ಫೋನು ಮಾಡುತ್ತೇನೆ, ಅವರೂ ಎಚ್ಚರವಾಗಿಯೇ ಇರುತ್ತಾರೆ.

ಏಳು ದಾಟಿದ ರಾತ್ರಿಗಳೂ ಬಂದಿವೆ. ಆಗ ಮೊದಲು ಹತ್ತಿಬರುವವಳು ಬುಡದ ಮನೆಯ ಮುದುಕಿ. ಕಂಬಳಿಕೊಪ್ಪೆಯೊಳಗೆ ಎರಡು ಕೋಳಿ, ಸೊಂಟದಲ್ಲಿ ರೇಷನ್ ಕಾರ್ಡು. ಬಂದವಳು ಒಲೆಯ ಮುಂದಿನ ಜಾಗವನ್ನು ಆಕ್ರಮಿಸಿ, ಕಾಫಿ ಬೆಳೆಯುವವರ ಮನೆಯಲ್ಲಿ ಇಷ್ಟು ನೀರು ಕಾಫಿಯೇ ಎಂದು ನನ್ನ ಹೆಂಡತಿಯನ್ನು ಮೂದಲಿಸುತ್ತಾಳೆ; ನನ್ನ ಹೆಂಡತಿ ಕೋಳಿಗಳ ಶುಚಿತ್ವದ ವಿಷಯವನ್ನು ಎತ್ತುತ್ತಾಳೆ; ವಾದವು ಕಾವೇರುವ ಹೊತ್ತಿಗೆ ಇನ್ನೆರಡು ಸಂಸಾರಗಳು ಬಂದು ಸೇರಿ, ಜಗಲಿಯಲ್ಲಿ ಇಸ್ಪೀಟಿನ ಕಟ್ಟು ಹೊರಬೀಳುತ್ತದೆ. ಮಳೆ ಹೊರಗೆ ಹುಯ್ಯುತ್ತಲೇ ಇರುತ್ತದೆ, ಮಾತಿನ ನಡುವೆ ಎಲ್ಲರೂ ಒಮ್ಮೊಮ್ಮೆ ಹಳ್ಳದತ್ತ ಕಿವಿಗೊಡುತ್ತಲೇ ಇರುತ್ತಾರೆ. ಭಯವು ಮನೆಯಿಂದ ಹೊರಟುಹೋಯಿತೆಂದು ನಾನು ಸುಳ್ಳು ಹೇಳಲಾರೆ. ಹನ್ನೆರಡು ಜನರ ನಡುವೆ ಕುಳಿತಾಗ ಅದು ಒಬ್ಬನ ಎದೆಯ ಮೇಲೆ ಕುಳಿತುಕೊಳ್ಳುವುದಿಲ್ಲ ಎಂಬಷ್ಟನ್ನು ಮಾತ್ರ ಅನುಭವದಿಂದ ಹೇಳಬಲ್ಲೆ, ಮತ್ತು ತಮ್ಮನ ಮೊಮ್ಮಗಳಿಗೂ ಅಷ್ಟನ್ನೇ ಬರೆದಿದ್ದೇನೆ.